ಉಕ್ಕು ಹಾಡುವ ಊರಿನಲ್ಲಿ ಕಾರ್ನಿವಲ್ ವಾರ

ಗುರುವಾರ

ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಬೀದಿಹಬ್ಬವಾದ ಕಾರ್ನಿವಲ್ ಎಂದೊಡನೆ ಪತ್ರಿಕೆಗಳಲ್ಲಿ ಕಾಣುವುದು ಗರಿ, ಮಣಿ, ಮಿರುಗುವ ಮೈ. ನನ್ನನ್ನು ಅಲ್ಲಿಗೆ ಎಳೆದದ್ದು ಸ್ಟೀಲ್‌ಪ್ಯಾನ್ ಎಂಬ ವಾದ್ಯ. ಭದ್ರಾವತಿಯಲ್ಲಿ ಬೆಳೆದವಳು ನಾನು. ಕಾರ್ಖಾನೆಯ ಸೈರನ್ ಕೇಳಿ ಮನೆಮನೆಯಲ್ಲಿ ಒಲೆ ಹೊತ್ತುತ್ತಿದ್ದ ಊರು ಅದು. ಕಬ್ಬಿಣ ಕಾಯುವುದು, ಕರಗುವುದು, ಬಡಿತ ತಿನ್ನುವುದು ಎಲ್ಲವೂ ಅಪ್ಪನ ಪಾಳಿಯ ಮಾತುಗಳಲ್ಲಿ ಕಿವಿಗೆ ಬಿದ್ದಿದ್ದವು. ಅದೇ ಲೋಹದಿಂದ ಇಪ್ಪತ್ತನೆಯ ಶತಮಾನದಲ್ಲಿ ಒಂದು ಹೊಸ ವಾದ್ಯವೇ ಹುಟ್ಟಿತು ಎಂದು ತಿಳಿದ ಮೇಲೆ ಅದನ್ನು ಹುಟ್ಟಿದ ಊರಿನಲ್ಲೇ ಕೇಳಬೇಕೆಂಬ ಹಂಬಲ ಬೆಳೆಯಿತು. ಟೊರಾಂಟೊದಲ್ಲಿರುವ ತಂಗಿ ಅಲ್ಲಿನ ಕೆರಿಬಿಯನ್ ಕಾರ್ನಿವಲ್ಲಿಗೆ ತಪ್ಪದೆ ಹೋಗುತ್ತಾಳೆ. 1967ರಲ್ಲಿ ವಲಸಿಗರು ಶುರು ಮಾಡಿದ ಹಬ್ಬವದು. "ಅಕ್ಕ, ಇದರ ತವರು ನೋಡದೆ ಬಿಡಬಾರದು" ಎಂದು ಅವಳೇ ಹೊರಡಿಸಿದಳು.

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಸೇಂಟ್ ಜೇಮ್ಸ್ ಬಡಾವಣೆಯಲ್ಲಿ ತಂಗಿಯ ಸಹೋದ್ಯೋಗಿಯೊಬ್ಬಳ ಚಿಕ್ಕಮ್ಮನ ಮನೆ. ಟ್ಯಾಕ್ಸಿ ಆ ಬೀದಿಗಳಿಗೆ ತಿರುಗಿದಾಗ ನಾಮಫಲಕಗಳನ್ನು ಓದುತ್ತ ಇಬ್ಬರೂ ಮಾತು ಮರೆತೆವು: ದೆಹಲಿ ಬೀದಿ, ಬಾಂಬೆ ಬೀದಿ, ಲಕ್ನೋ ಬೀದಿ, ಮದ್ರಾಸ್ ಬೀದಿ. ಕಬ್ಬಿನ ತೋಟಗಳ ದುಡಿಮೆಗೆಂದು ಭಾರತೀಯರನ್ನು ಹೊತ್ತು ತಂದ ಮೊದಲ ಹಡಗು ಫತೇಲ್ ರಜಾಕ್ ಇಲ್ಲಿಗೆ ಮುಟ್ಟಿದ್ದು 1845ರ ಮೇ 30ರಂದು. 1917ರವರೆಗೆ ಹೀಗೆ ಬಂದವರು ಸುಮಾರು 1.44 ಲಕ್ಷ ಮಂದಿ. ಹೆಚ್ಚಿನವರು ಭೋಜಪುರಿ ಸೀಮೆಯಿಂದ ಕಲ್ಕತ್ತೆಯ ಮೂಲಕ ಬಂದವರು, ಒಂದಿಷ್ಟು ಜನ ಮದ್ರಾಸಿನಿಂದ ಹಡಗು ಹತ್ತಿದವರು.

ಮನೆಯ ಯಜಮಾನರು ಊರು ಯಾವುದೆಂದು ಕೇಳಿದರು. ಜಿ. ಆರ್. ವಿಶ್ವನಾಥ್ ಹುಟ್ಟಿದ ಊರು ಎಂದೆ. ಕುರ್ಚಿಯಿಂದ ಎದ್ದೇಬಿಟ್ಟರು! 1976ರ ಏಪ್ರಿಲ್‌ನಲ್ಲಿ ಇದೇ ಊರಿನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ 403 ರನ್‌ಗಳ ಗುರಿಯನ್ನು ಬರೀ ನಾಲ್ಕು ವಿಕೆಟ್ ಕಳೆದುಕೊಂಡು ಮುಟ್ಟಿದಾಗ ಅವರು ಅಲ್ಲಿದ್ದರಂತೆ. ವಿಶ್ವನಾಥ್ ಹೊಡೆದ 112, ಬ್ರಿಜೇಶ್ ಪಟೇಲ್ ಔಟಾಗದೆ ಉಳಿಸಿಕೊಂಡ 49, ಎಲ್ಲವೂ ಬಾಯಿಪಾಠ. ಅಂದಿನಿಂದ ಆ ಮನೆಯಲ್ಲಿ ನಾವು ನೆಂಟರೇ ಆದೆವು.

ಸಂಜೆ ಮನೆಯೊಡತಿ ಆಂಟಿ ನಮ್ಮನ್ನು ತಮ್ಮ ಪರಿಚಯದ ಪ್ಯಾನ್ ಮೇಸ್ತ್ರಿಯ ಶೆಡ್ಡಿಗೆ ಕರೆದೊಯ್ದರು. ಮಗುಚಿಟ್ಟ ಎಣ್ಣೆಯ ಪೀಪಾಯಿ, ಸುಮಾರು 208 ಲೀಟರ್ ಹಿಡಿಯುವಂಥದ್ದು. ಅದರ ತಳವನ್ನು ದೊಡ್ಡ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ, ಸುತ್ತುಸುತ್ತಾಗಿ ಬಡಿಯುತ್ತ ಹೋದರು. ಚಪ್ಪಟೆಯಾಗಿದ್ದ ತಗಡು ನಿಧಾನವಾಗಿ ಬೋಗುಣಿಯಾಯಿತು. ಅವಸರ ಮಾಡಿದರೆ ತಗಡು ಹರಿದು ಅಷ್ಟು ಹೊತ್ತಿನ ದುಡಿಮೆ ಮಣ್ಣುಪಾಲು. ಆಮೇಲೆ ಒಂದೊಂದು ಸ್ವರಕ್ಕೂ ಗಡಿ ಗೀಚಿ, ಆ ಗೆರೆಯ ಉದ್ದಕ್ಕೂ ಉಳಿಯಂಥ ಮೊಳೆಯಿಂದ ಚುಚ್ಚು ಹಾಕಿದರು. ಇನ್ನೊಂದು ಪೀಪಾಯಿ ಅಷ್ಟರಲ್ಲಿ ಬೆಂಕಿಯ ಮೇಲೆ ಕಾದು ಹದಕ್ಕೆ ಬಂದಿತ್ತು. ಅದು ಆರಿದ ಮೇಲೆ ಶ್ರುತಿ ಮಾಡುವ ಕೆಲಸ. ಅಂಗೈಯಗಲದ ಜಾಗವೊಂದಕ್ಕೆ ಕೆಳಗಿನಿಂದ ಒಂದು ಪೆಟ್ಟು, ಮೇಲಿನಿಂದ ಎರಡು ಪೆಟ್ಟು, ರಬ್ಬರ್ ಸುತ್ತಿದ ಕೋಲಿನಿಂದ ತಟ್ಟಿ ಆಲಿಸುವುದು, ತಲೆಯಾಡಿಸುವುದು, ಮತ್ತೆ ಪೆಟ್ಟು. ಮೂಲ ಸ್ವರ ಕೂತರೆ ಸಾಲದು, ಅದೇ ಜಾಗದಲ್ಲಿ ಅದರ ಮೇಲಿನ ಸ್ಥಾಯಿಯೂ ಜೊತೆಗೆ ನುಡಿಯಬೇಕು. ಕೊನೆಗೊಮ್ಮೆ ಅದು ನುಡಿದಾಗ ಮೇಸ್ತ್ರಿ ನನ್ನ ಮುಖ ನೋಡಿ ನಕ್ಕರು. ನನ್ನ ಕಣ್ಣು ತುಂಬಿತ್ತು.

ರಾತ್ರಿ ಷಾರ್ಲಟ್ ಬೀದಿಯಲ್ಲಿ ರೆನೆಗೇಡ್ಸ್ ತಂಡದ ಪ್ಯಾನ್‌ಯಾರ್ಡ್‌ಗೆ ಹೋದೆವು. ಪ್ಯಾನ್‌ಯಾರ್ಡ್ ಎಂದರೆ ತಂಡವೊಂದು ತಾಲೀಮು ಮಾಡುವ ಬಯಲು ಅಂಗಳ. ಯಾರು ಬೇಕಾದರೂ ಒಳಗೆ ಬಂದು ಕೂರಬಹುದು. ವಾದಕರಲ್ಲಿ ಶಾಲಾ ಮಕ್ಕಳಿದ್ದರು, ಗುಮಾಸ್ತರಿದ್ದರು, ಅಜ್ಜಂದಿರಿದ್ದರು. ಯಾರ ಮುಂದೆಯೂ ಬರೆದ ಸ್ವರಲಿಪಿ ಕಾಣಲಿಲ್ಲ. ಒಬ್ಬರು ನುಡಿಸಿ ತೋರಿಸುತ್ತಾರೆ, ಉಳಿದವರು ಕೇಳಿ ಕೈಗೆ ಹತ್ತಿಸಿಕೊಳ್ಳುತ್ತಾರೆ. ಈ ತಂಡಕ್ಕೆ ದಶಕಗಳ ಕಾಲ ಸಂಗೀತ ಸಂಯೋಜಿಸಿದವರು ಜಿತ್ ಸಮರೂ, ಲೋಪಿನೋ ಕಣಿವೆಯ ಭಾರತೀಯ ಮೂಲದ ಮನೆತನದ ಹುಡುಗ. ಪ್ಯಾನ್ ಆಫ್ರಿಕನ್ ಮೂಲದವರದು, ಭಾರತೀಯರಿಗೇನು ಕೆಲಸ ಎಂಬ ಮಾತನ್ನು ಅವರು ವಾದಿಸಿ ಗೆಲ್ಲಲಿಲ್ಲ. 1982ರಿಂದ 1997ರ ನಡುವೆ ರೆನೆಗೇಡ್ಸ್‌ಗೆ ಒಂಬತ್ತು ಸಲ ಸ್ಟೀಲ್‌ಬ್ಯಾಂಡ್‌ಗಳ ಸ್ಪರ್ಧೆಯಾದ ಪನೋರಮಾದ ಕಿರೀಟ ತಂದುಕೊಟ್ಟರು, ಕೊನೆಯ ಮೂರು ಸತತವಾಗಿ. 2016ರ ಜನವರಿಯಲ್ಲಿ ತೀರಿಕೊಂಡರು. ಅವರ ಹೆಸರೆತ್ತಿದಾಗ ಅಲ್ಲಿದ್ದ ಹಿರಿಯ ವಾದಕರೊಬ್ಬರು ಕೋಲು ಕೆಳಗಿಟ್ಟು ಮಾತಾಡಿದರು.

ಶುಕ್ರವಾರ

ಬೆಳಕು ಹರಿಯುವ ಮುಂಚೆ ಪಿಕಡಿಲಿ ಗ್ರೀನ್ಸ್‌ಗೆ ನಡೆದೆವು. ನಗರದ ಪೂರ್ವದಲ್ಲಿ, ಬಡವರ ಬಡಾವಣೆಗಳ ಅಂಚಿನಲ್ಲಿರುವ ಜಾಗ. ಕ್ಯಾನ್‌ಬೌಲೇ ಎಂಬ ಪಂಜಿನ ಮೆರವಣಿಗೆಯಲ್ಲಿ 1881ರಲ್ಲಿ ಎದ್ದ ದಂಗೆಯನ್ನು ಕಾರ್ನಿವಲ್ ಶುಕ್ರವಾರದ ನಸುಕಿನಲ್ಲಿ ಇಲ್ಲಿ ನಾಟಕವಾಗಿ ಆಡುತ್ತಾರೆ.

ಕಥೆ ಹಿಂದಕ್ಕೆ ಹೋಗುತ್ತದೆ. 1783ರಲ್ಲಿ ಸ್ಪೇನ್ ಹೊರಡಿಸಿದ ಆಜ್ಞೆಯಿಂದ ಫ್ರೆಂಚ್ ಕ್ಯಾಥೊಲಿಕ್ ಭೂಮಾಲೀಕರು ಗುಲಾಮರ ಸಮೇತ ಈ ದ್ವೀಪಕ್ಕೆ ಬಂದರು. ಉಪವಾಸದ ದಿನಗಳಿಗೆ ಮುಂಚೆ ಮುಖವಾಡ ತೊಟ್ಟು ಕುಣಿಯುವುದು ಅವರ ಪದ್ಧತಿ. ಗುಲಾಮರಿಗೆ ಅದರಲ್ಲಿ ಜಾಗವಿರಲಿಲ್ಲ. ಕಬ್ಬಿನ ತೋಟಕ್ಕೆ ಬೆಂಕಿ ಬಿದ್ದರೆ ಮಾತ್ರ ಕೊಂಬೂದಿ ಅವರನ್ನು ಪಂಜು ಸಮೇತ ಓಡಿಸುತ್ತಿದ್ದರು. 1834ರಲ್ಲಿ ಗುಲಾಮಗಿರಿ ರದ್ದಾಗಿ, 1838ರಲ್ಲಿ ಪೂರ್ತಿ ಬಿಡುಗಡೆ ಸಿಕ್ಕ ಮೇಲೆ ಆ ಜನ ಅದೇ ಪಂಜು, ಅದೇ ಕೊಂಬು, ಅದೇ ಸರಪಳಿಯನ್ನು ಹಿಡಿದು ಬೀದಿಗೆ ಇಳಿದರು, ಈಗ ತಮ್ಮ ಸಂತೋಷಕ್ಕಾಗಿ. ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಬೇಕರ್ 1880ರಲ್ಲಿ ಪಂಜುಗಳನ್ನೂ ಕೋಲುಗಳನ್ನೂ ಕಿತ್ತುಕೊಂಡ. ಮರುವರ್ಷ ಜನ ಕೊಡಲಿಲ್ಲ. ಕೋಲುಕಾಳಗದ ಪೈಲ್ವಾನರು ಅವನ ಪಡೆಯ ಎದುರು ನಿಂತರು.

ನಾಟಕದಲ್ಲಿ ಕೋಲುಗಳು ಸಿಡಿದು ಬಡಿದಾಗ ನನ್ನ ಪಕ್ಕದಲ್ಲಿದ್ದ ಹೆಂಗಸು ಉಸಿರು ಬಿಗಿಹಿಡಿದಿದ್ದಳು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ಪಿಸುದನಿಯಲ್ಲಿ ವಿವರಿಸುತ್ತಿದ್ದರು. ಬೇಕರ್ ಪಾತ್ರಧಾರಿ ಬಂದಾಗ ಗುಂಪು ಒಕ್ಕೊರಲಿನಿಂದ ಧಿಕ್ಕಾರ ಹಾಕಿತು.

ಸರ್ಕಾರ ಸೋಲೊಪ್ಪಲಿಲ್ಲ. 1884ರ ಹೊತ್ತಿಗೆ ಪಂಜು, ಕೋಲು, ಡೋಲು ಎಲ್ಲಕ್ಕೂ ಕಾನೂನಿನ ಕಡಿವಾಣ ಬಿತ್ತು. ಅದೇ ವರ್ಷ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಬಳಿ ಮೊಹರಂ ಮೆರವಣಿಗೆಯಲ್ಲಿ ತಾಬೂತು ಹೊತ್ತು ಬರುತ್ತಿದ್ದ ಭಾರತೀಯ ಕೂಲಿಗಳ ಮೇಲೆ ಗುಂಡು ಹಾರಿಸಿದರು, ಹಲವರು ಸತ್ತರು. ಮೊಹರಂ ಇಲ್ಲಿ ಹೋಸೆ ಎಂಬ ಹೆಸರಿನಲ್ಲಿ, ಜಾತಿ ಮತ ಮರೆತು ನಡೆಯುತ್ತದೆ. ಹಿಂದೂಗಳೂ ಆಫ್ರಿಕನ್ ಮೂಲದವರೂ ತಾಸೆ ಬಾರಿಸುತ್ತಾರೆ. ಇಬ್ಬರ ಹಬ್ಬಗಳ ಮೇಲೂ ಒಂದೇ ಕಾಲದಲ್ಲಿ ಒಂದೇ ಸರ್ಕಾರ ಕೈ ಮಾಡಿತು ಎಂಬುದನ್ನು ನಮ್ಮ ಶಾಲೆಗಳಲ್ಲೂ ಹೇಳಬೇಕು.

ಡೋಲು ಹೋದ ಮೇಲೆ ಜನ ಬಿದಿರು ಕಡಿದರು. ಉದ್ದದ ಬೊಂಬನ್ನು ನೆಲಕ್ಕೆ ಕುಟ್ಟಿದರೆ ಮಂದ್ರ, ಗಿಡ್ಡ ಬೊಂಬುಗಳನ್ನು ಒಂದಕ್ಕೊಂದು ಬಡಿದರೆ ತಾರ. ತಂಬೂ ಬಂಬೂ ಎಂಬ ಈ ವಾದ್ಯಮೇಳ ದಶಕಗಳ ಕಾಲ ಬಾಳಿತು. ಆದರೆ ಬಿದಿರು ಸೀಳುತ್ತದೆ. 1930ರ ದಶಕದಲ್ಲಿ ಹುಡುಗರು ಬಿಸ್ಕತ್ತಿನ ಡಬ್ಬ, ಕಸದ ಡಬ್ಬಿಯ ಮುಚ್ಚಳ, ಕಾರಿನ ಬ್ರೇಕ್ ಡ್ರಮ್ ಬಾರಿಸತೊಡಗಿದರು. ಬಡಿದು ಬಡಿದು ಉಬ್ಬು ತಗ್ಗಾದ ಡಬ್ಬದಲ್ಲಿ ಬೇರೆಬೇರೆ ಸ್ವರ ಬರುವುದು ಯಾರದೋ ಕಿವಿಗೆ ಬಿತ್ತು. ವಿನ್‌ಸ್ಟನ್ ಸ್ಪ್ರೀ ಸೈಮನ್, ಎಲೀ ಮ್ಯಾನೆಟ್, ಆಂಟನಿ ವಿಲಿಯಮ್ಸ್ ಮುಂತಾದವರು ಅದನ್ನು ವಾದ್ಯವಾಗಿ ಬೆಳೆಸಿದರು. ಎಣ್ಣೆ ಬಾವಿಗಳ ದ್ವೀಪದಲ್ಲಿ ಪೀಪಾಯಿಗೆ ಬರವಿರಲಿಲ್ಲ. ನಿನ್ನೆ ಶೆಡ್ಡಿನಲ್ಲಿ ಕಂಡ ಒಂದೊಂದು ಪೆಟ್ಟಿನ ಹಿಂದೆಯೂ ಇಷ್ಟೆಲ್ಲ ಇದೆ.

ಶನಿವಾರ

ಬೆಳಗಿನ ತಿಂಡಿಗೆ ಡಬಲ್ಸ್. ಅರಿಶಿನ ಹಾಕಿ ಕರಿದ ಎರಡು ಮೆತ್ತನೆಯ ಬಾರಾ ರೊಟ್ಟಿ, ಮೇಲೆ ಕಡಲೆಕಾಳಿನ ಪಲ್ಯ, ಹುಣಿಸೆ ಗೊಜ್ಜು, ಕುಚೇಲಾ ಎಂಬ ಮಾವಿನ ಉಪ್ಪಿನಕಾಯಿ, ಸೌತೆಕಾಯಿ. ಖಾರ ಎಷ್ಟು ಎಂದು ಮಾರುವವ ಕೇಳುತ್ತಾನೆ. ಕಾಗದದಲ್ಲಿ ಸುತ್ತಿ ಕೊಡುವ ವೇಗ ಕಣ್ಣಿಗೆ ಸಿಗದು. 1930ರ ದಶಕದಲ್ಲಿ ಪ್ರಿನ್ಸಸ್ ಟೌನಿನ ಭಾರತೀಯ ಮೂಲದ ಕುಟುಂಬವೊಂದು ಮಾರಲು ಶುರು ಮಾಡಿದ ಈ ತಿಂಡಿ ಈಗ ಇಡೀ ದೇಶದ ಬೆಳಗು.

ಇಂದು ಪನೋರಮಾ ಅಂತಿಮ ಸ್ಪರ್ಧೆ. 1963ರಿಂದ ನಡೆಯುತ್ತಿರುವ ಸ್ಟೀಲ್‌ಬ್ಯಾಂಡ್‌ಗಳ ಈ ಪೈಪೋಟಿ ಕ್ವೀನ್ಸ್ ಪಾರ್ಕ್ ಸವಾನಾದಲ್ಲಿ ನಡೆಯುತ್ತದೆ. ಊರ ನಡುವೆಯೇ ಸುಮಾರು 260 ಎಕರೆಯ ಬಯಲು. ದೊಡ್ಡ ತಂಡಗಳಲ್ಲಿ ನೂರರ ಆಸುಪಾಸು ವಾದಕರು. ಒಂದೇ ಒಂದು ಹಾಡಿನ ವಿಸ್ತಾರಕ್ಕೆ ಎಂಟು ನಿಮಿಷ. ಆ ಎಂಟು ನಿಮಿಷಕ್ಕಾಗಿ ಜನವರಿಯಿಂದ ಪ್ರತಿ ರಾತ್ರಿ ತಾಲೀಮು.

ಆಂಟಿ ಗ್ರ್ಯಾಂಡ್ ಸ್ಟ್ಯಾಂಡಿನ ಟಿಕೆಟ್ ಕೈಗಿಟ್ಟು, "ಅಲ್ಲಿ ಹೋಗಿ ಕೂರುವುದಕ್ಕೆ ಮುಂಚೆ ಕೆಳಗಿನ ದಾರಿಯಲ್ಲಿ ನಿಲ್ಲು" ಎಂದರು. ಅವರ ಮಾತು ಕೇಳಿದ್ದು ಈ ಪ್ರವಾಸದ ಭಾಗ್ಯ. ವೇದಿಕೆಗೆ ಹೋಗುವ ಆ ಉದ್ದನೆಯ ದಾರಿಯಲ್ಲಿ ತಂಡಗಳು ತಮ್ಮ ಸರದಿಗೆ ಕಾಯುತ್ತವೆ. ಪ್ಯಾನ್‌ಗಳನ್ನು ನೇತುಹಾಕಿದ ಚೌಕಟ್ಟುಗಳಿಗೆ ಚಕ್ರ, ಮೇಲೊಂದು ಮಾಡು. ಎಂಜಿನ್ ಇಲ್ಲ, ತಳ್ಳುವವರು ಬೇಕು. ಒಬ್ಬ ಹುಡುಗ ಕೈಸನ್ನೆ ಮಾಡಿದ. ತಂಗಿ ಒಂದು ಕಂಬ ಹಿಡಿದಳು, ನಾನು ಇನ್ನೊಂದು ಹಿಡಿದೆ. ನಮ್ಮ ಪಾಲಿಗೆ ಬಂದದ್ದು ಬಾಸ್ ಪ್ಯಾನ್‌ಗಳ ಚೌಕಟ್ಟು, ಕತ್ತರಿಸದ ಪೂರ್ತಿ ಪೀಪಾಯಿಗಳು, ಮೈಭಾರ ಹಾಕಿ ನೂಕಬೇಕು. ತಳ್ಳುತ್ತಿದ್ದಾಗಲೇ ವಾದಕರು ಕೊನೆಯ ಬಾರಿಗೆ ನುಡಿಸಿ ನೋಡುತ್ತಿದ್ದರು. ಆ ಕಂಪನ ಕಬ್ಬಿಣದ ಕಂಬದಿಂದ ಅಂಗೈಗೆ, ಅಂಗೈಯಿಂದ ಎದೆಗೆ ಇಳಿಯಿತು. ವೇದಿಕೆಯ ಇಳಿಜಾರಿನಲ್ಲಿ ಮೂವತ್ತು ನಲವತ್ತು ಅಪರಿಚಿತರು ಒಟ್ಟಿಗೆ "ಹೋ" ಎಂದು ನೂಕಿದೆವು. ಅಲ್ಲಿಂದ ಮುಂದೆ ನಮಗೆ ಪ್ರವೇಶವಿಲ್ಲ.

ಮೇಲಿನಿಂದ ಕೇಳುವಾಗ ಅರ್ಥವಾದದ್ದು ಎಂಜಿನ್ ರೂಮ್ ಎಂದು ಕರೆಯುವ ತಾಳವಾದ್ಯಗಳ ಪಾತ್ರ. ನೂರು ಜನರ ಸ್ವರಪ್ರವಾಹವನ್ನು ಹಿಡಿದಿಡುವುದು ನಡುವೆ ನಿಂತವರು ಬಾರಿಸುವ ಕಾರಿನ ಹಳೆಯ ಬ್ರೇಕ್ ಡ್ರಮ್. ಅದರ ಚೂಪು ನಾದ ಲಯ ತಪ್ಪಲು ಬಿಡುವುದಿಲ್ಲ. ಟೆನರ್ ಪ್ಯಾನ್‌ಗಳು ರಾಗವನ್ನು ಹೊತ್ತು ಓಡಿದವು, ಬಾಸ್ ನೆಲ ಅದುರಿಸಿತು, ಒಮ್ಮೆಲೇ ಎಲ್ಲ ನಿಂತು ಒಂದೇ ಸಾಲು ಉಳಿಯಿತು, ಮತ್ತೆ ಎಲ್ಲರೂ ಒಟ್ಟಿಗೆ ಬಿದ್ದರು. ತಂಗಿ ನನ್ನ ತೋಳು ಹಿಡಿದುಕೊಂಡೇ ಇದ್ದಳು.

ಈ ವಾದಕರ ಅಜ್ಜಂದಿರನ್ನು ಸಭ್ಯರು ಪುಂಡರೆನ್ನುತ್ತಿದ್ದರು. ತಂಡಗಳ ಹೆಸರೇ ಡೆಸ್ಪರಾಡೋಸ್, ಇನ್ವೇಡರ್ಸ್, ಟೋಕಿಯೊ. 1950ರ ಕಾರ್ನಿವಲ್‌ನಲ್ಲಿ ಟೋಕಿಯೊ ಮತ್ತು ಇನ್ವೇಡರ್ಸ್ ಬೀದಿಯಲ್ಲೇ ಹೊಡೆದಾಡಿದವು. ಮರುವರ್ಷವೇ ಬೇರೆಬೇರೆ ತಂಡಗಳಿಂದ ಆಯ್ದ ಹುಡುಗರು ಒಂದು ಮೇಳವಾಗಿ ಲಂಡನ್ನಿನ ಫೆಸ್ಟಿವಲ್ ಆಫ್ ಬ್ರಿಟನ್‌ಗೆ ಹೋಗಿ ಅಲ್ಲಿನವರನ್ನು ಬೆರಗುಗೊಳಿಸಿ ಬಂದರು. 1992ರಲ್ಲಿ ಪ್ಯಾನ್ ರಾಷ್ಟ್ರೀಯ ವಾದ್ಯವಾಯಿತು. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಘೋಷಿಸಿತು. ದೇಶದ ಲಾಂಛನದಲ್ಲಿದ್ದ ಕೊಲಂಬಸನ ಮೂರು ಹಡಗುಗಳನ್ನು ತೆಗೆದು ಅಲ್ಲಿ ಪ್ಯಾನ್ ಇಡಲು 2025ರಲ್ಲಿ ಸಂಸತ್ತೇ ಒಪ್ಪಿತು. ಇದಕ್ಕಿಂತ ನ್ಯಾಯವಾದ ಬದಲಾವಣೆ ಇನ್ನೊಂದಿಲ್ಲ.

ಭಾನುವಾರ

ತಡವಾಗಿ ಎದ್ದು ಸವಾನಾದ ಸುತ್ತ ನಡೆದೆವು. ಪಶ್ಚಿಮದಂಚಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಏಳು ಬಂಗಲೆಗಳ ಸಾಲು, ಎದುರಿಗೆ ಎಳನೀರಿನ ಗಾಡಿಗಳು. ರಾತ್ರಿ ದಿಮಾಂಶ್ ಗ್ರಾ ಪ್ರದರ್ಶನದಲ್ಲಿ ಕ್ಯಾಲಿಪ್ಸೊ ಕೇಳಿದೆವು. ರಾಜಕಾರಣಿಗಳನ್ನು ಹೆಸರು ಹಿಡಿದು ಹಾಡಿನಲ್ಲೇ ತರಾಟೆಗೆ ತೆಗೆದುಕೊಳ್ಳುವ ಕಲೆ ಇದು. ಗೆದ್ದವರಿಗೆ ಕ್ಯಾಲಿಪ್ಸೊ ಕಿಂಗ್ ಎಂಬ ಬಿರುದಿತ್ತು. 1978ರಲ್ಲಿ ಕ್ಯಾಲಿಪ್ಸೊ ರೋಸ್ ಎಂಬ ಹೆಣ್ಣುಮಗಳು ಗೆದ್ದಾಗ ಬಿರುದನ್ನೇ ಬದಲಾಯಿಸಬೇಕಾಯಿತು. ಇಂದು ಅದು ಕ್ಯಾಲಿಪ್ಸೊ ಮೊನಾರ್ಕ್.

ಸೋಮವಾರ

ಬೆಳಗಿನ ನಾಲ್ಕು ಗಂಟೆ. ಜೂವೇ, ಅಂದರೆ ಮೈಗೆ ಕೆಸರು ಬಣ್ಣ ಬಳಿದುಕೊಂಡು ಬೀದಿಗಿಳಿಯುವ ನಸುಕಿನ ಕುಣಿತ. ಹಳೆಯ ಬಟ್ಟೆ, ಕಿವಿಯಲ್ಲಿ ಹತ್ತಿ, ಕೂದಲಿಗೆ ಬಟ್ಟೆ ಬಿಗಿದು ವುಡ್‌ಬ್ರೂಕ್‌ನ ಕತ್ತಲೆಗೆ ಇಳಿದೆವು. ಕೆಸರು, ಬಣ್ಣ, ಎಣ್ಣೆ, ಕೆಲವರ ಕೈಯಲ್ಲಿ ಕರಗಿದ ಚಾಕೊಲೆಟ್. ಮೊದಲ ತಿರುವಿನಲ್ಲೇ ಒಬ್ಬ ಅಜ್ಜಿ ಎರಡೂ ಕೈಯಿಂದ ನನ್ನ ಕೆನ್ನೆಗೆ ಕೆಸರು ಸವರಿ ಹರಸಿದರು. ಅಲ್ಲಿಂದಾಚೆಗೆ ಯಾರು ಕರಿಯರು, ಯಾರು ಬಿಳಿಯರು, ಯಾರು ಭಾರತೀಯರು ಎಂದು ಹೇಳುವಂತಿರಲಿಲ್ಲ. ಸ್ಟೀಲ್‌ಬ್ಯಾಂಡ್ ಒಂದರ ಹಿಂದೆ ಕಾಲೆಳೆಯುತ್ತ ಸಾಗುವ ಹೆಜ್ಜೆಯನ್ನು ಪಕ್ಕದವರನ್ನು ನೋಡಿ ಕಲಿತೆವು. ಸೂರ್ಯ ಬೆಟ್ಟದ ಮೇಲೆ ಬಂದಾಗ ಬೀದಿಯ ತುಂಬ ಮಣ್ಣಿನ ಮನುಷ್ಯರು.

ಮಧ್ಯಾಹ್ನ ನಿದ್ದೆ. ಸಂಜೆ ಮರಾವಲ್‌ನಿಂದ ಜೀಪಿನಲ್ಲಿ ಪರಮೀನ್ ಬೆಟ್ಟ ಹತ್ತಿದೆವು. ಈರುಳ್ಳಿಸೊಪ್ಪು, ಥೈಮ್ ಬೆಳೆಯುವ ಕಡಿದಾದ ಹಳ್ಳಿ, ಹಿರಿಯರ ಬಾಯಲ್ಲಿ ಇನ್ನೂ ಫ್ರೆಂಚ್ ಬೆರೆತ ಪತ್ವಾ ನುಡಿ. ಇಲ್ಲಿನ ನೀಲಿ ದೆವ್ವಗಳು ನಾಡಿಗೇ ಹೆಸರಾದವು. ಮೈಗೆಲ್ಲ ನೀಲಿ ಬಳಿದ ಹುಡುಗರು ಬಿಸ್ಕತ್ತಿನ ಡಬ್ಬದ ಬಡಿತಕ್ಕೆ ತಕ್ಕಂತೆ ನೆಲದಲ್ಲಿ ಹೊರಳುತ್ತ, ಕೆಂಪು ನೀರು ಉಗುಳುತ್ತ, ಬಾಯಿಂದ ಬೆಂಕಿ ಊದುತ್ತ ಕೆಳಗಿಳಿದು ಬಂದರು. ಎದುರಿಗೆ ಸಿಕ್ಕವರು ದುಡ್ಡು ಕೊಡುವವರೆಗೂ ದಾರಿ ಬಿಡುವುದಿಲ್ಲ. ಆರೇಳು ವರ್ಷದ ಪುಟ್ಟ ದೆವ್ವವೊಂದು ನನ್ನ ಮುಂದೆ ನಿಂತು ಹಲ್ಲು ಕಡಿಯಿತು. ಅವನ ಕಣ್ಣಲ್ಲಿ ನಗುವಿನ ಸುಳಿವೂ ಇರಲಿಲ್ಲ, ಅಷ್ಟು ಶ್ರದ್ಧೆ. ನೋಟು ಕೊಟ್ಟೆ. ಹಿಂದೆ ನಿಂತಿದ್ದ ಅವನ ತಾಯಿ ಹೆಮ್ಮೆಯಿಂದ ನೋಡುತ್ತಿದ್ದಳು. ಕಾರ್ನಿವಲ್ಲಿನ ಹಳೆಯ ಕಸುವು ನನಗೆ ಕಂಡದ್ದು ಇಲ್ಲಿ.

ಮಂಗಳವಾರ

ಇಂದು ಚಂದದ ವೇಷಗಳ ದಿನ. ಸಾವಿರಾರು ಜನರ ತಂಡಗಳು ಬಣ್ಣಬಣ್ಣದ ವಿಭಾಗಗಳಾಗಿ, ಆಳೆತ್ತರದ ಧ್ವನಿವರ್ಧಕ ಹೊತ್ತ ಲಾರಿಗಳ ಹಿಂದೆ ಬರುತ್ತವೆ. ನೋಡಲು ಬೆರಗೇ. ಎಲ್ಲ ಮೈಕಟ್ಟಿನ, ಎಲ್ಲ ವಯಸ್ಸಿನ ಹೆಂಗಸರು ಯಾರ ಕಣ್ಣಿಗೂ ಅಂಜದೆ ಕುಣಿಯುವುದು ಮನಸ್ಸಿಗೆ ಹಿತ ತಂದಿತು. ಆದರೆ ವೇಷಕ್ಕೆ ನೂರಾರು ಡಾಲರ್ ತೆರಬೇಕು, ತಂಡದ ಸುತ್ತ ಹಗ್ಗ ಹಿಡಿದ ಕಾವಲುಗಾರರು ದುಡ್ಡು ಕೊಡದವರನ್ನು ಒಳಗೆ ಬಿಡುವುದಿಲ್ಲ. ಬೀದಿಯ ಹಬ್ಬಕ್ಕೆ ಬೇಲಿ ಹಾಕುವುದು ನನಗೆ ಒಪ್ಪಿತವಾಗಲಿಲ್ಲ. 1957ರಲ್ಲಿ ವೇಷಗಳ ವಿನ್ಯಾಸಕ ಜಾರ್ಜ್ ಬೇಲಿ ಆಫ್ರಿಕದ ರಾಜವೈಭವವನ್ನು ಬೀದಿಗೆ ತಂದು ಜನರಿಗೆ ತಮ್ಮ ಮೂಲದ ಬಗ್ಗೆ ಅಭಿಮಾನ ಹುಟ್ಟಿಸಿದ. 1983ರಲ್ಲಿ ಇನ್ನೊಬ್ಬ ವಿನ್ಯಾಸಕ ಪೀಟರ್ ಮಿನ್ಶಾಲ್ ನದಿಯನ್ನು ಕೊಲ್ಲುವ ಯಂತ್ರಪಿಶಾಚಿಯನ್ನು ಕುಣಿಸಿದ. ಮುಂದೆ ಬಾರ್ಸಿಲೋನಾ, ಅಟ್ಲಾಂಟಾ ಒಲಿಂಪಿಕ್ಸ್ ಉದ್ಘಾಟನೆಗಳಲ್ಲೂ ಅವನ ಕೈವಾಡವಿತ್ತು. ಅಂಥ ಕಥೆ ಹೇಳುವ ವೇಷಗಳು ಈಗ ಚಿಕ್ಕ ತಂಡಗಳಲ್ಲಿ ಉಳಿದಿವೆ.

ಅವನ್ನು ಹುಡುಕಿಕೊಂಡು ಒಳಬೀದಿಗಳಿಗೆ ಹೋದೆವು. ಛತ್ರಿಯಗಲದ ಟೋಪಿ ತೊಟ್ಟ ಮಿಡ್‌ನೈಟ್ ರಾಬರ್ ಸೀಟಿ ಊದಿ ಅಡ್ಡಗಟ್ಟಿ, ತಾನು ಹುಟ್ಟಿದ ದಿನ ಸಮುದ್ರ ಬತ್ತಿತೆಂದು ಅಬ್ಬರಿಸಿದ. ಮೋಕೋ ಜಂಬಿಗಳು ಮರಗಾಲಿನ ಮೇಲೆ ಮನೆಯ ಮಾಡು ಮುಟ್ಟುತ್ತ ನಡೆದರು. ಒಂದು ತಿರುವಿನಲ್ಲಿ ಸೂಮಾರಿ ಕಂಡಿತು. ಬಿದಿರಿನ ಕುದುರೆ, ಬಟ್ಟೆಯ ಹೊದಿಕೆ, ನಡುವೆ ನಿಂತು ಸವಾರಿ ಮಾಡುವಂತೆ ಕುಣಿಯುವ ಹುಡುಗ. "ಅಕ್ಕ, ಕೀಲುಕುದುರೆ!" ಎಂದು ತಂಗಿ ಕೂಗಿಯೇಬಿಟ್ಟಳು. ನಮ್ಮ ಜಾತ್ರೆಗಳಲ್ಲಿ ಕುಣಿಯುವ ಅದೇ ಕುದುರೆ! ಭಾರತದಿಂದ ಬಂದ ಕೂಲಿಗಳ ಜೊತೆ ಇಲ್ಲಿಗೆ ಬಂದ ವೇಷ ಇದು.

ಸಂಜೆ ಮನೆಯ ಮುಂದೆ ಹೋದ ಲಾರಿಯಿಂದ ಚಟ್ನಿ ಸೋಕಾ ಎಂಬ, ಭಾರತೀಯ ಹಾಡು ಬೆರೆತ ಕುಣಿತದ ಸಂಗೀತ ಮೊಳಗಿತು. ಆಂಟಿ ಗೇಟಿನಾಚೆಗೆ ಬಂದು ಕುಣಿದರು. ಅವರ ಬಾಲ್ಯದಲ್ಲಿ ಕಾರ್ನಿವಲ್ ದಿನ ಅಪ್ಪ ಗೇಟಿಗೆ ಬೀಗ ಹಾಕುತ್ತಿದ್ದರಂತೆ, ಅದು ನಮ್ಮದಲ್ಲ ಎಂದು. 1970ರ ದಶಕದ ಆರಂಭದಲ್ಲಿ ಲಾರ್ಡ್ ಶಾರ್ಟಿ ಎಂಬ ಕ್ಯಾಲಿಪ್ಸೊ ಗಾಯಕ ಭಾರತೀಯರ ಢೋಲಕಿನ ನಡೆಯನ್ನು ತನ್ನ ಹಾಡಿಗೆ ಬೆರೆಸಿದ. ಸೋಕಾ ಹುಟ್ಟಿದ್ದು ಹಾಗೆ. ಸುಂದರ್ ಪೋಪೊ ಮದುವೆಮನೆಯ ಭೋಜಪುರಿ ಹಾಡುಗಳನ್ನು ಗಿಟಾರಿನ ಜೊತೆ ವೇದಿಕೆಗೆ ತಂದರು. ಆಮೇಲೆ ದ್ರೌಪತೀ ರಾಮ್‌ಗೂನಾಯ್ ಎಂಬ ಹೆಣ್ಣುಮಗಳು ಟೀಕೆಗೆ ಬಗ್ಗದೆ ಹಾಡಿದರು. "ಅವಳು ಹಾಡಿದ ಮೇಲೆ ನಾನೇ ಬೀಗ ತೆಗೆದೆ" ಎಂದರು ಆಂಟಿ.

ಮಧ್ಯರಾತ್ರಿಯವರೆಗೆ ಲಾಸ್ಟ್ ಲ್ಯಾಪ್, ಕೊನೆಯ ಸುತ್ತಿನ ಕುಣಿತ. ಗಂಟೆ ಹನ್ನೆರಡಾಗುತ್ತಲೇ ಎಲ್ಲ ನಿಂತಿತು.

ಬುಧವಾರ

ಉಪವಾಸದ ಮೊದಲ ದಿನ ಹಣೆಗೆ ಬೂದಿ ಇಡಿಸಿಕೊಂಡವರು ಚರ್ಚಿನಿಂದ ನೇರ ಸಮುದ್ರಕ್ಕೆ ಹೋಗುವುದು ಇಲ್ಲಿನ ರೂಢಿ. ಉತ್ತರದ ಬೆಟ್ಟ ದಾಟಿ ಮರಾಕಸ್ ಕಡಲತೀರಕ್ಕೆ ಹೋದೆವು. ದಾರಿಯುದ್ದಕ್ಕೂ ಪೂಯಿ ಮರಗಳು ಎಲೆ ಉದುರಿಸಿ ಹೂ ಬಿಟ್ಟಿದ್ದವು. ಎಲ್ಲರೂ ತಿನ್ನುವುದು ಕರಿದ ಬ್ರೆಡ್ಡಿನ ನಡುವೆ ಶಾರ್ಕ್ ಮೀನು. ನಾವು ಮೀನು ಬಿಟ್ಟು, ಚಟ್ನಿ ಮತ್ತು ಕೋಸಿನ ಪಲ್ಯ ತುಂಬಿಸಿಕೊಂಡೆವು.

ಪಕ್ಕದ ನೆರಳಿನಲ್ಲಿ ಲಂಡನ್, ಬ್ರೂಕ್ಲಿನ್, ಟೊರಾಂಟೊಗಳಿಂದ ಬಂದ ಮಕ್ಕಳು ಮೊಮ್ಮಕ್ಕಳ ದಂಡು. ಪ್ರತಿಯೊಬ್ಬರಿಗೂ ತಮ್ಮ ಊರಿನದೊಂದು ಕಾರ್ನಿವಲ್ ಇದೆ. ಲಂಡನ್ನಿನವಳು ಕ್ಲೌಡಿಯಾ ಜೋನ್ಸ್ ಹೆಸರೆತ್ತಿದಳು. ಪೋರ್ಟ್ ಆಫ್ ಸ್ಪೇನ್‌ನಲ್ಲೇ ಹುಟ್ಟಿದ ಆ ಹೋರಾಟಗಾರ್ತಿ, ಲಂಡನ್ನಿನಲ್ಲಿ ಕರಿಯರ ಮೇಲೆ ದಾಳಿಗಳಾದ ಮರುವರ್ಷ, 1959ರ ಚಳಿಗಾಲದಲ್ಲಿ, ಸೇಂಟ್ ಪ್ಯಾಂಕ್ರಸ್ ಟೌನ್ ಹಾಲಿನೊಳಗೆ ಕಾರ್ನಿವಲ್ ನಡೆಸಿದಳು. 1966ರಲ್ಲಿ ನಾಟಿಂಗ್ ಹಿಲ್‌ನ ಬೀದಿಗೆ ಸ್ಟೀಲ್‌ಬ್ಯಾಂಡ್ ಇಳಿಸಿದ ರಸೆಲ್ ಹೆಂಡರ್ಸನ್ ಕೂಡ ಟ್ರಿನಿಡಾಡಿನವರೇ. ಎಲ್ಲಿ ಹೋದರೂ ಮೊದಲು ಪೀಪಾಯಿ, ಆಮೇಲೆ ಉಳಿದದ್ದು ಎಂದು ಅವಳು ಹೇಳಿದಾಗ ಆಂಟಿ ಅವಳ ಬೆನ್ನು ತಟ್ಟಿದರು.

ಯಜಮಾನರು ಮುಂದಿನ ಸಲದ ಮಾತೆತ್ತಿದರು. 1972ರಲ್ಲಿ ಪೋಲಿಯೊ ಹಬ್ಬಿ ಕಾರ್ನಿವಲ್ಲನ್ನು ಮೇ ತಿಂಗಳಿಗೆ ತಳ್ಳಿದ್ದು, ಮಳೆಯಲ್ಲಿ ವೇಷಗಳೆಲ್ಲ ಕರಗಿದ್ದು, 2021 ಮತ್ತು 2022ರಲ್ಲಿ ಕೋವಿಡ್‌ನಿಂದ ಬೀದಿ ಖಾಲಿ ಬಿದ್ದದ್ದು ಎಲ್ಲವನ್ನೂ ನೆನೆದು, "ಬರುವುದಾದರೆ ಮುಂದಕ್ಕೆ ಹಾಕಬೇಡಿ" ಎಂದರು. ಆಂಟಿಯದು ಇನ್ನೂ ಖಡಕ್ ಸೂಚನೆ: ಮಂಗಳವಾರ ಸಿಗದಿದ್ದರೂ ಪರವಾಗಿಲ್ಲ, ಜನವರಿಯಲ್ಲಿ ಬನ್ನಿ, ರಾತ್ರಿ ಪ್ಯಾನ್‌ಯಾರ್ಡಿನಲ್ಲಿ ಕೂತುಕೊಳ್ಳಿ, ಚೌಕಟ್ಟು ತಳ್ಳಲು ಶನಿವಾರ ನಿಮ್ಮ ಹೆಸರು ಬರೆಸಿರುತ್ತೇನೆ. ತಂಗಿ ಅಲ್ಲೇ ಫೋನ್ ತೆಗೆದು ಟಿಕೆಟ್ ದರ ನೋಡತೊಡಗಿದಳು.